ಮಂಚಮ್ಮನ ಮನೆ ಮುಂದಿನ ತೋರಿ

ನಮ್ಮ ಊರಿನ ಪತ್ರಿಕೆಯ ಮುಖಪುಟದಲ್ಲಿ ಎಡಗಡೆ ಒಂದು ಸಣ್ಣ ಚೌಕವಿದೆ. ಅದರ ತಲೆಬರಹ 'ಇಂದಿನ ತೋರಿ'. ಹತ್ತೊಂಬತ್ತು ವರ್ಷಗಳಿಂದ ಅದನ್ನು ಬರೆಯುತ್ತಿರುವವಳು ನಾನು. ಎರಡು ಸಾಲು, ಹೆಚ್ಚೆಂದರೆ ಮೂರು. ತೋರಿ ಈ ದಿನ ಯಾವ ಬೀದಿಯಲ್ಲಿ, ಯಾರ ಮನೆ ಮುಂದೆ ನಿಂತಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬಷ್ಟೇ ವಿವರ. ಭಾವನೆಯ ಮಾತು ಅಲ್ಲಿ ಬರುವಂತಿಲ್ಲ. ಸುಮಾರು ಏಳು ಸಾವಿರ ಚೌಕಗಳಲ್ಲಿ ತಪ್ಪಾದದ್ದು ಮೂರು. ಮೂರಕ್ಕೂ ಮರುದಿನ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿದ್ದೇವೆ. ಈಗ ಹೇಳಹೊರಟಿರುವುದು ನಾಲ್ಕನೆಯ ತಪ್ಪಿನ ವಿಷಯ.

ತೋರಿ ಎಂದರೆ ಗುಡಿಯ ಹೆಬ್ಬಾಗಿಲು. ಎರಡು ಕಂಬ, ಅವುಗಳ ಮೇಲೆ ಎರಡು ಅಡ್ಡತೊಲೆ. ಕದವಿಲ್ಲ, ಅಗುಳಿಯಿಲ್ಲ. ಎತ್ತರ ಹದಿಮೂರು ಅಡಿ ನಾಲ್ಕು ಅಂಗುಲ. ಬಣ್ಣ ಕೆಂಪು; ಕುಂಕುಮಕ್ಕಿಂತ ಸ್ವಲ್ಪ ಹಳದಿಯ ಕಡೆಗೆ ವಾಲಿದ ಕೆಂಪು. ಪ್ರವಾಸಿಗಳ ಕೈಪಿಡಿಯಲ್ಲಿ ಇದನ್ನು ಚಾರಿತ್ರಿಕ ಶಿಂಟೋ ಗುಡಿ ಎಂದು ಬರೆದಿರುತ್ತಾರೆ, ಊರಿನವರು ಬಡಗಿಗಳ ಗುಡಿ ಎನ್ನುತ್ತಾರೆ. ಜಪಾನಿನಿಂದ ಬಂದ ಏಳು ಮಂದಿ ಬಡಗಿಗಳು ಮುನ್ನೂರ ಹನ್ನೊಂದು ವರ್ಷಗಳ ಹಿಂದೆ ಒಂದೂ ಮೊಳೆ ಹೊಡೆಯದೆ ಕಟ್ಟಿದರೆಂದು ಗುಡಿಯ ಅಂಗಳದ ಕಲ್ಲಿನಲ್ಲಿ ಕೊರೆದಿದೆ. ಅವರು ಇಲ್ಲಿಗೆ ಯಾಕೆ ಬಂದರು ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ, ಹಾಗಾಗಿ ಬರೆಯುವುದಿಲ್ಲ. ಗುಡಿ ತನ್ನ ಜಾಗದಲ್ಲೇ ಇರುತ್ತದೆ. ತೋರಿ ಮಾತ್ರ ದಿನವೂ ಬೆಳಗಿನ ಜಾವ ಬೇರೊಂದು ಮನೆಯ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ತಲೆಬಾಗಿ ಅದನ್ನು ದಾಟಿದರೆ, ಮುಂದಿನ ಹೆಜ್ಜೆಗೆ ಕಾಲ ಕೆಳಗೆ ಗುಡಿಯ ಅಂಗಳದ ಜಲ್ಲಿಕಲ್ಲು ಸದ್ದು ಮಾಡುತ್ತದೆ. ಗುಡಿಗೆ ಹೋಗಲು ಬೇರೆ ದಾರಿಯಿಲ್ಲ. ಬರುವುದೂ ಅದರೊಳಗಿಂದಲೇ.

ತೋರಿ ನಿಂತ ಮನೆಯವರು ಆ ದಿನದ ಬಾಗಿಲಮನೆಯವರು. ಅವರ ಕೆಲಸ ಇಷ್ಟೆ: ಹಂಡೆಯ ತುಂಬ ನೀರು ಇಟ್ಟು, ಬಂದವರ ಎಡಗೈಗೆ ಒಂದು ಸೌಟು, ಬಲಗೈಗೆ ಒಂದು ಸೌಟು ಹಾಕಬೇಕು. ಒರೆಸಿಕೊಳ್ಳಲು ಬಟ್ಟೆ ಕೊಡಬೇಕು. ಚಪ್ಪಲಿ ಕಾಯಬೇಕು. ಯಾರನ್ನೂ ವಾಪಸು ಕಳಿಸುವಂತಿಲ್ಲ, ಯಾರಿಂದಲೂ ಏನನ್ನೂ ಪಡೆಯುವಂತಿಲ್ಲ. ಊರು ಇದಕ್ಕೆ ಹೊಂದಿಕೊಂಡಿದೆ. ಬಸ್ ನಿಲ್ದಾಣದ ಮಧ್ಯೆ ತೋರಿ ನಿಂತ ದಿನ ಬಸ್ಸುಗಳು ಅದನ್ನು ಬಳಸಿಕೊಂಡು ಹೋಗುತ್ತವೆ, ಕಂಟ್ರೋಲರ್ ಸೀಟಿ ಕೆಳಗಿಟ್ಟು ನೀರು ಹಾಕುತ್ತಾರೆ. ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರ ನಡುಗೋಡೆಗೆ ಸರಿಯಾಗಿ ಅದು ನಿಂತಾಗ ಅಣ್ಣ ನೀರು ಹಾಕಿದ, ತಮ್ಮ ಟವೆಲು ಕೊಟ್ಟ. ಸಂಜೆಯವರೆಗೂ ಅವರು ಮಾತಾಡಲಿಲ್ಲ, ಆದರೆ ಟವೆಲು ಒಂದು ಸಲವೂ ತಡವಾಗಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ 'ತೋರಿ ತಡ' ಎಂಬ ಕಾಲಂ ಇದೆ. 'ಎರಡು ಸಲ ತೋರಿ ಬಂದ ಮನೆ, ಇಪ್ಪತ್ತನಾಲ್ಕು ಗಂಟೆ ನೀರು' ಎಂದು ಬಾಡಿಗೆ ಜಾಹೀರಾತು ಕೊಡುತ್ತಾರೆ. ಜಾಹೀರಾತಾದರೂ ನಮ್ಮ ಕಚೇರಿಯ ತೋರಿ ಪುಸ್ತಕದೊಂದಿಗೆ ತಾಳೆ ನೋಡದೆ ಅದನ್ನು ನಾನು ಅಚ್ಚಿಗೆ ಬಿಡುವುದಿಲ್ಲ.

ಆ ಪುಸ್ತಕದಲ್ಲಿ ಅರವತ್ತೆರಡು ವರ್ಷದ ವಿವರವಿದೆ. ಹೊಳೆ ದಡದ ಮೇದರ ಸಾಲಿನಲ್ಲಿ ಹನ್ನೊಂದು ಮನೆ. ಹತ್ತು ಮನೆಗಳಿಗೆ ತೋರಿ ಬಂದಿದೆ, ಕೆಲವಕ್ಕೆ ಮೂರು ಸಲ. ಹನ್ನೊಂದನೆಯ ಮನೆ ಮಂಚಮ್ಮನದು. ಅದಕ್ಕೆ ಒಮ್ಮೆಯೂ ಬಂದಿಲ್ಲ. ಊರಿನ ಪ್ರತಿ ಮನೆಯ ಹಂಡೆಯ ಮೇಲೂ ಇರುವ ಬಿದಿರಿನ ಸೌಟು ಮಾಡುವವಳು ಅವಳೇ. ಅವಳ ಸೌಟಿನಲ್ಲಿ ನಾಲ್ಕು ಸಾವಿರ ಮನೆಯವರು ನೀರು ಹಾಕಿದ್ದಾರೆ, ಅವಳು ಮಾತ್ರ ಹಾಕಿಲ್ಲ. ಮದುವೆಯಾಗಿ ಬಂದ ಮರುದಿನದಿಂದ ಮೂವತ್ತೊಂದು ವರ್ಷ ಅವಳು ಬೆಳಗ್ಗೆ ಐದಕ್ಕೆ ಕಾಲು ಗಂಟೆ ಇರುವಾಗ ಎದ್ದು, ಅಂಗಳ ತೊಳೆದು, ಹುಣಸೆಹಣ್ಣು ಹಚ್ಚಿ ಬೆಳಗಿದ ಹಂಡೆಯಲ್ಲಿ ನೀರು ತುಂಬಿಸಿಟ್ಟು, ಹೊಸ ಸೌಟನ್ನು ಬೋರಲು ಹಾಕಿ ಕಾಯುತ್ತಿದ್ದಳು. ತೋರಿ ಬೇರೆ ಕಡೆ ಬಂದಿದೆಯೆಂದು ಗೊತ್ತಾದಮೇಲೆ ಆ ನೀರನ್ನು ಕನಕಾಂಬರದ ಗಿಡಕ್ಕೆ ಹಾಕುತ್ತಿದ್ದಳು. ಅಷ್ಟು ಸೊಂಪಾದ ಕನಕಾಂಬರ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅವಳ ಗಂಡ ಚಿಕ್ಕೀರಯ್ಯ ಬಿದಿರು ಸೀಳುತ್ತ ಕೂತಲ್ಲಿಂದಲೇ ಛೇಡಿಸುತ್ತಿದ್ದ. "ನಿಮ್ಮಪ್ಪನ ಮನೆಗೆ ಎರಡು ಸಲ ಬಂದಿತ್ತಂತಲ್ಲ, ಅಲ್ಲೇ ಇರ್ಬೇಕಿತ್ತು ನೀನು. ಅದಕ್ಕೆ ನನ್ನ ಮುಖ ನೋಡಕ್ಕಾಗದೇ ಇತ್ಲಾಗೆ ಬರ್ತಿಲ್ಲ."

"ನಿನ್ನ ಮುಖ ನಾನು ನೋಡ್ತಿಲ್ವಾ? ಅದಕ್ಕೇನು ರೋಗ," ಎನ್ನುತ್ತಿದ್ದಳು ಮಂಚಮ್ಮ.

ಹೋದ ವರ್ಷ ಹೊಳೆಗೆ ಹೊಸ ಸೇತುವೆ ಆಯಿತು. ಈಚೆ ದಡದಲ್ಲಿ ಅದರ ರಸ್ತೆ ಹಾದುಹೋಗಬೇಕಾದದ್ದು ಮೇದರ ಸಾಲಿನ ಮೇಲೆಯೇ. ಹನ್ನೊಂದು ಮನೆಯವರಿಗೂ ಪುರಸಭೆ ಆಚೆ ದಡದಲ್ಲಿ ನಿವೇಶನ ಕೊಟ್ಟಿತು. ಗುರುತು ಹಾಕಿದ್ದ ಇಪ್ಪತ್ತರಲ್ಲಿ ಹನ್ನೊಂದನ್ನು ಚೀಟಿ ಎತ್ತಿ ಹಂಚಿದರು. ನಿವೇಶನಗಳು ದೊಡ್ಡವು, ಬಿದಿರು ಹಾಕಲು ಜಾಗವಿದೆ, ಯಾರೂ ಗೊಣಗಲಿಲ್ಲ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಆದರೆ ಒಂದು ಸಂಗತಿ ಎಲ್ಲರಿಗೂ ಗೊತ್ತಿತ್ತು. ತೋರಿ ಹೊಳೆ ದಾಟುವುದಿಲ್ಲ. ನಮ್ಮ ಪುಸ್ತಕದ ಅರವತ್ತೆರಡು ವರ್ಷದಲ್ಲಿ ದಾಟಿಲ್ಲ, ಅದಕ್ಕೂ ಹಿಂದಿನ ಗುಡಿಯ ಕಡತದಲ್ಲೂ ದಾಟಿದ್ದಕ್ಕೆ ದಾಖಲೆಯಿಲ್ಲ. ಆಚೆ ದಡದಲ್ಲಿ ಹುಲ್ಲುಗಾವಲು, ಒಂದು ಹಾಲಿನ ಹಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಉಳಿದ ಹತ್ತು ಮನೆಯವರಿಗೆ ಇದೊಂದು ಕೊರತೆಯಾಗಿ ಕಾಣಲಿಲ್ಲ, ಅವರಿಗೆ ಆಗಲೇ ಬಂದಾಗಿತ್ತು. ಮಂಚಮ್ಮ ಮಾತ್ರ ಒಂದು ದಿನ ನಮ್ಮ ಕಚೇರಿಗೆ ಸೌಟು ಕೊಡಲು ಬಂದವಳು ನನ್ನ ಮೇಜಿನ ಮುಂದೆ ನಿಂತು, "ಪೇಪರಮ್ಮ, ಇನ್ನು ಇಪ್ಪತ್ತಾರು ದಿನ ಐತೆ," ಎಂದಳು. ಊರಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. "ಆಮೇಲೆ ಹಂಡೆ ತುಂಬಿಸಿದ್ರೆ ಗಿಡಕ್ಕೆ ಮಾತ್ರ." ನಾನು ಪುಸ್ತಕ ತೆಗೆದು ನೋಡಿದೆ. ಅವಳು ಸೌಟು ಇಟ್ಟು ಹೋದಳು.

ಆ ಇಪ್ಪತ್ತಾರರಲ್ಲಿ ಇನ್ನು ನಾಲ್ಕೇ ದಿನ ಉಳಿದಿತ್ತು. ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಚೇರಿಯ ಮೆಟ್ಟಿಲಿನಿಂದ ಬೀದಿದೀಪದ ಕಂಬ ಕಾಣುತ್ತಿರಲಿಲ್ಲ. ಐದು ಗಂಟೆ ಐದು ನಿಮಿಷಕ್ಕೆ ಹಾಲಿನ ಸಿದ್ದಲಿಂಗುವಿನ ಫೋನು ಬಂತು. ಅವನು ಆಚೆ ದಡದ ಹಟ್ಟಿಯಿಂದ ಹಾಲು ಕರೆದುಕೊಂಡು, ಇನ್ನೂ ಉದ್ಘಾಟನೆಯಾಗದ ಸೇತುವೆಯ ಮೇಲೆ ಕದ್ದು ಸೈಕಲ್ ತಳ್ಳಿಕೊಂಡು ಬರುವವನು. ಊರಿನಲ್ಲಿ ನನಗೆ ಸುದ್ದಿ ಕೊಡುವ ಆರು ಮಂದಿಯಲ್ಲಿ ಅವನೊಬ್ಬ. "ಪೇಪರಮ್ಮ, ಮಂಚಮ್ಮಕ್ಕನ ಮನೆ ಮುಂದೆ ನಿಂತೈತೆ," ಎಂದ. ನಾನು ಕೇಳಬೇಕಾದ ಎರಡು ಪ್ರಶ್ನೆ ಕೇಳಿದೆ. ಅಡ್ಡತೊಲೆ ಎಷ್ಟು? "ಎರಡು. ಕೆಂಪಗೆ ಐತೆ. ಸೇತುವೆ ಮೇಲಿಂದ ಚೆಂದಾಗಿ ಕಾಣ್ತು." ಮುಖ ಯಾವ ಕಡೆ? "ಹೊಳೆ ಕಡೆ."

ಮುದ್ರಣಕ್ಕೆ ಹೋಗುವ ಸಮಯ ಐದು ನಲವತ್ತು. ಕಚೇರಿಯಿಂದ ಮೇದರ ಸಾಲಿಗೆ ಸೈಕಲ್ಲಿನಲ್ಲಿ ಹದಿನಾಲ್ಕು ನಿಮಿಷ. ಹೋಗಿ ಕಣ್ಣಾರೆ ನೋಡಿ ಬರಲು ಸಮಯವಿತ್ತು. ಹತ್ತೊಂಬತ್ತು ವರ್ಷ ನಾನು ನೋಡದೆ ಬರೆದವಳಲ್ಲ. ಹಿಂದಿನ ಮೂರು ತಪ್ಪುಗಳೂ ಮನೆ ನಂಬರಿನವು. ಅಂದು ನಾನು ಹೋಗಲಿಲ್ಲ. ಕಾರಣವನ್ನು ಇದ್ದಹಾಗೆ ಬರೆದುಬಿಡುತ್ತೇನೆ. ಹೋಗಿ ನೋಡಿದರೆ ಅದು ಅಲ್ಲಿ ಇರದೆಯೂ ಹೋಗಬಹುದು ಎಂಬ ಯೋಚನೆ ಬಂತು. ಆ ಸಾಧ್ಯತೆ ನನಗೆ ಬೇಕಿರಲಿಲ್ಲ. ಸೈಕಲ್ಲಿನ ಬೀಗದ ಕೈಯನ್ನು ವಾಪಸು ಮೊಳೆಗೆ ಹಾಕಿ ಕೂತು ಬರೆದೆ: 'ತೋರಿ ಕೊನೆಗೂ ಮೇದರ ಸಾಲಿನ ಮಂಚಮ್ಮನ ಮನೆ ಮುಂದೆ ನಿಂತಿದೆ. ಮುಖ ಹೊಳೆ ಕಡೆಗೆ.' ಆ ಚೌಕದಲ್ಲಿ 'ಕೊನೆಗೂ' ಎಂಬ ಪದ ಬಂದದ್ದು ಅದೇ ಮೊದಲು. ಅಚ್ಚಿನ ಮನೆಯವರು ಓದಿ ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ನಾನು ಮೇದರ ಸಾಲಿಗೆ ಹೋದಾಗ ಏಳೂವರೆ. ಮಂಜು ಕರಗುತ್ತಿತ್ತು. ಜನರ ಸಾಲು ಹೊಳೆ ದಡದಿಂದ ಎಣ್ಣೆ ಗಾಣದವರೆಗೆ ನಿಂತಿತ್ತು. ಎಣಿಸಿದೆ, ಇನ್ನೂರ ಹದಿನಾಲ್ಕು ಜನ. ಮಂಚಮ್ಮ ಹಸಿರು ಸೀರೆ ಉಟ್ಟು, ಕನಕಾಂಬರ ಮುಡಿದು, ಹಂಡೆಯ ಪಕ್ಕ ನಿಂತಿದ್ದಳು. ಎಡಗೈಗೆ ಒಂದು ಸೌಟು, ಬಲಗೈಗೆ ಒಂದು ಸೌಟು. ನೀರು ಒಂದು ಹನಿಯೂ ಆಚೀಚೆ ಆಗುತ್ತಿರಲಿಲ್ಲ. ಚಿಕ್ಕೀರಯ್ಯ ಹೆಗಲ ತುಂಬ ಟವೆಲು ಹೇರಿಕೊಂಡು ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಬಿದಿರ ತಟ್ಟಿಯ ಮೇಲೆ ಇಡುತ್ತಿದ್ದ. ಅವರ ಹಿಂದೆ ತೋರಿ ನಿಂತಿತ್ತು. ನಾನು ಹತ್ತಿರ ಹೋದೆ. ಕಂಬದಲ್ಲಿ ಗಿಣ್ಣುಗಳಿದ್ದವು. ಅಡ್ಡತೊಲೆಗೆ ತೆಂಗಿನ ಹಗ್ಗ ಬಿಗಿದಿತ್ತು. ಬಣ್ಣದ ವಾಸನೆ ಮೂಗಿಗೆ ಬಡಿಯಿತು.

ಬಿದಿರು. ಬರುವ ಭಾನುವಾರದ ಸೇತುವೆ ಉದ್ಘಾಟನೆಗೆಂದು ಪುರಸಭೆ ಕಮಾನು ಕಟ್ಟಲು ಹೇಳಿತ್ತು. ಕೆಲಸ ಮಂಚಮ್ಮನ ಮನೆಗೇ ಬಂದಿತ್ತು. ಹಿಂದಿನ ಸಂಜೆ ಗಂಡ ಹೆಂಡತಿ ಅದನ್ನು ಕಟ್ಟಿ, ಕೆಂಪು ಬಣ್ಣ ಬಳಿದು, ಒಣಗಲೆಂದು ಮನೆ ಮುಂದೆ ನಿಲ್ಲಿಸಿದ್ದರು. ಸಿದ್ದಲಿಂಗು ಮಂಜಿನಲ್ಲಿ ಸೇತುವೆಯ ಮೇಲಿಂದ ನೋಡಿದ್ದು ಅದನ್ನೇ.

ಸಾಲಿನ ಮುಂದಿದ್ದವರು ನಿವೃತ್ತ ಮುಖ್ಯೋಪಾಧ್ಯಾಯ ಗಂಗಾಧರಪ್ಪ ಮೇಷ್ಟ್ರು. ಅವರು ಕೈ ತೊಳೆದು, ತಲೆಬಾಗಿ, ಕಮಾನಿನ ಕೆಳಗೆ ನಡೆದು ಹೋದರು. ಕಮಾನಿನ ಆಚೆ ಇರುವುದು ಮಂಚಮ್ಮನ ಮನೆಯ ಬಾಗಿಲು. ಮೇಷ್ಟ್ರು ಅದರೊಳಕ್ಕೆ ಹೋದರು. ಕಿಟಕಿಯಿಂದ ನೋಡಿದೆ. ಮಂಕರಿ, ಮೊರ, ಅರ್ಧ ಹೆಣೆದ ತೊಟ್ಟಿಲುಗಳ ನಡುವೆ ನಿಂತು, ಖಾಲಿ ಗೋಡೆಯ ಎದುರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ, ಗುಡಿಯಲ್ಲಿ ಮಾಡುವುದನ್ನೆಲ್ಲ ಒಂದೂ ಬಿಡದೆ ಮಾಡಿ ಹೊರಗೆ ಬಂದರು. "ಸೊಗಸಾಗಿ ಆಯ್ತು ಮಂಚಮ್ಮ," ಎಂದರು. ಅವರ ಬಿಳಿ ಜುಬ್ಬಾದ ಬಲ ಭುಜದ ಮೇಲೆ ಅಂಗೈ ಅಗಲದ ಕೆಂಪು ಬಣ್ಣ ಹತ್ತಿತ್ತು. ಕಮಾನು ಇಕ್ಕಟ್ಟಾಗಿತ್ತು, ಬಣ್ಣ ಒಣಗಿರಲಿಲ್ಲ. ಅದುವರೆಗೆ ಒಳಗೆ ಹೋಗಿ ಬಂದ ಎಲ್ಲರ ಭುಜದ ಮೇಲೂ ಅದೇ ಕಲೆ ಇತ್ತು. ಬೀದಿಯ ತುಂಬ ಕೆಂಪು ಭುಜದವರು ಕಾಫಿ ಕುಡಿಯುತ್ತ ನಿಂತಿದ್ದರು. ನಿಜವಾದ ತೋರಿ ಯಾರಿಗೂ ಬಣ್ಣ ಹತ್ತಿಸುವುದಿಲ್ಲ ಎಂಬುದು ಊರಿನ ಕೂಸಿಗೂ ಗೊತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಮೇಷ್ಟ್ರೇ," ಎಂದೆ ನಾನು ತಗ್ಗಿದ ದನಿಯಲ್ಲಿ, "ಅದು ಗುಡಿ ಅಲ್ಲ."

"ನೀವು ತಾನೇ ಗುಡಿ ಅಂತ ಬರೆದದ್ದು?" ಎಂದರು ಅವರು. "ಮೆಲ್ಲಗೆ ಮಾತಾಡಿ. ಅವಳಿಗೆ ಕೇಳಿಸೀತು. ಪಾಪ, ಇವತ್ತು ಒಂದು ದಿನ."

ಆ ಹೊತ್ತಿಗೆ ಬೇರೆ ಊರಿನಿಂದ ಬಸ್ಸಿನಲ್ಲಿ ಬಂದ ಹೆಂಗಸೊಬ್ಬಳು ಒಳಗೆ ಹೋಗಿ ಹೊರಗೆ ಬಂದಳು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಕೈಪಿಡಿ. "ಸಾರ್, ಒಳಗೆ ಯಾರದೋ ಮನೆ ಇದೆ," ಎಂದಳು ಮೇಷ್ಟ್ರಿಗೆ. "ಹೌದಮ್ಮ, ಇವತ್ತು ಮನೆ," ಎಂದರು ಮೇಷ್ಟ್ರು. "ಒಲೆ ಮೇಲೆ ಸಾರು ಕುದೀತಿದೆ." "ಏನ್ ಸಾರು?" "ಹುರುಳಿ ಇರಬೇಕು." "ಹಾಗಾದ್ರೆ ಒಳ್ಳೆ ದಿನವೇ ಬಂದಿದೀರಿ," ಎಂದು ಮೇಷ್ಟ್ರು ಕಾಫಿ ಕಡೆಗೆ ಹೋದರು. ಆ ಹೆಂಗಸು ಕೈಪಿಡಿಯ ಪುಟ ತಿರುವುತ್ತ ನಿಂತಳು. ಅವಳು ಪತ್ರಿಕೆ ನಂಬಿ ಬಂದವಳು. ಅವಳ ಕೈಪಿಡಿಯಲ್ಲಿ ದೇವದಾರು ಮರಗಳ ಚಿತ್ರವಿತ್ತು. ಇನ್ನು ನಾನು ಸುಮ್ಮನಿರುವಂತಿರಲಿಲ್ಲ. ನಾನು ಬರೆದದ್ದನ್ನು ನಾನೇ ತಿದ್ದಬೇಕು, ಅದೂ ನಾಳೆಯ ಪತ್ರಿಕೆಯವರೆಗೆ ಕಾಯದೆ.

ಮಂಚಮ್ಮನನ್ನು ಹಂಡೆಯ ಮರೆಗೆ ಕರೆದೆ. "ಮಂಚಮ್ಮ, ನನ್ನದೊಂದು ತಪ್ಪಾಗಿದೆ," ಎಂದು ಶುರು ಮಾಡಿದೆ. ಅವಳು ಸೌಟಿನ ನೀರು ಜಾಡಿಸಿ ನಕ್ಕಳು.

"ನನಗೆ ಹೇಳಕ್ಕೆ ಬಂದ್ರಾ? ಬಿದಿರು ಕಡಿದೋಳು ನಾನು, ಕಟ್ಟಿದೋಳು ನಾನು, ಬಣ್ಣ ಬಳಿದೋನು ಇವನು. ಬೆಳಗ್ಗೆ ಹಂಡೆ ತುಂಬಿಸಿ ತಿರುಗಿ ನೋಡ್ತೀನಿ, ಯಾರೋ ಒಬ್ರು ಪೇಪರ್ ಹಿಡ್ಕಂಡು ಕೈ ಚಾಚ್ಕೊಂಡು ನಿಂತವ್ರೆ. ನೀರು ರೆಡಿ ಐತೆ, ಸೌಟು ರೆಡಿ ಐತೆ. ಕೈ ಚಾಚಿದೋರಿಗೆ ಇಲ್ಲ ಅನ್ನಕ್ಕಾಗ್ತದಾ? ಒಬ್ಬರಿಗೆ ಹಾಕ್ದೆ. ಅವರ ಹಿಂದೆ ಇನ್ನೊಬ್ಬರು." ಅವಳು ಸಾಲಿನ ಕಡೆ ನೋಡಿ ದನಿ ಇಳಿಸಿದಳು. "ಪಾಪ, ಇವರಿಗೆ ಗೊತ್ತೇ ಆಗಿಲ್ಲ. ಒಳಗೋಗಿ ನನ್ನ ಮಂಕರಿಗೆ ಕೈ ಮುಗಿದು ಬರ್ತಾವ್ರೆ. ಹೆಂಗೆ ಹೇಳದು?"

"ಅವರಿಗೆ ಗೊತ್ತು ಮಂಚಮ್ಮ. ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ."

ಅವಳು ಬೀದಿಯಲ್ಲಿದ್ದ ಕೆಂಪು ಭುಜಗಳನ್ನು ಒಂದೊಂದಾಗಿ ನೋಡಿದಳು. ನಗು ನಿಂತಿತು. ಸೌಟಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ತಿದ್ದುಪಡಿ ನಾಳೆ ತಾನೇ ಬರದು?" ಎಂದಳು. "ಸಂಜೆ ತನಕ ಬಿಡಿ ಪೇಪರಮ್ಮ. ನಾಲ್ಕು ದಿನ ಕಳದ್ರೆ ನಾನು ಆಚೆ ದಡದೋಳು. ಇನ್ನು ಯಾರೂ ನನ್ನ ಮುಂದೆ ಕೈ ಚಾಚಲ್ಲ."

ನಾನು ಕ್ಯಾಮೆರಾದ ಹೆಂಗಸನ್ನು ತೋರಿಸಿದೆ. "ಅವರು ಎರಡು ಬಸ್ ಬದಲಾಯಿಸಿ ಬಂದಿದ್ದಾರೆ. ಸಂಜೆ ವಾಪಸು ಹೋಗಬೇಕು. ನಿಜವಾದ ತೋರಿ ಎಲ್ಲೋ ನಿಂತಿದೆ, ಅದು ಎಲ್ಲಿ ಅಂತ ನಾನು ಹುಡುಕಿ ಹೇಳಲೇಬೇಕು."

ಮಂಚಮ್ಮ ಆ ಹೆಂಗಸನ್ನು ನೋಡಿದಳು. ಆಮೇಲೆ ಸೌಟನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಬಿದಿರು ಸೀಳುವ ಕೊರಡಿನ ಮೇಲೆ ಹತ್ತಿ ನಿಂತಳು. "ಎಲ್ಲಾರೂ ಕೇಳ್ರಪ್ಪ," ಎಂದಳು. "ಇದು ತೋರಿ ಅಲ್ಲ. ಸೇತುವೆ ಕಮಾನು. ಹಾಲಿನೋನಿಗೆ ಕಣ್ಣು ಮಂಜಾಗಿ, ಪೇಪರಮ್ಮಂಗೆ ಮನಸ್ಸು ಮಂಜಾಗಿ ಇಷ್ಟಾಯ್ತು. ನೀವೆಲ್ಲಾ ಬಂದ್ರಿ, ನಾನು ನೀರು ಹಾಕ್ದೆ, ಸಾಕು. ಬಣ್ಣ ಒಣಗಿಲ್ಲ, ಇನ್ನಾದ್ರೂ ಬಟ್ಟೆ ನೋಡ್ಕಳಿ."

ಸಾಲಿನ ಮಧ್ಯದಿಂದ ಕ್ಷೌರದಂಗಡಿಯ ಕೊಟ್ರಪ್ಪನ ದನಿ ಬಂತು. "ಗೊತ್ತು ಕಣಕ್ಕ. ನಾನು ಆಗಲೇ ಒಂದು ಸಲ ಹೋಗಿ ಬಂದು ಮತ್ತೆ ಸಾಲಲ್ಲಿ ನಿಂತಿದೀನಿ. ಎರಡನೇ ಭುಜಾನೂ ಆಗ್ಲಿ ಅಂತ." ನಗು ಎದ್ದಿತು, ಎಣ್ಣೆ ಗಾಣದವರೆಗೂ ಹೋಯಿತು. ಸಾಲಿನಿಂದ ಯಾರೂ ಹೊರಗೆ ಹೋಗಲಿಲ್ಲ. ಮುಂದೆ ನಿಂತಿದ್ದವರು ಪುರಸಭೆಯ ಅಧ್ಯಕ್ಷೆ ಶಾಂತವೀರಮ್ಮ. "ನಾನು ಒಂದು ಗಂಟೆಯಿಂದ ನಿಂತಿದೀನಿ, ನನ್ನ ಕೈಗೆ ನೀರು ಹಾಕಿ ಮಾತಾಡು," ಎಂದು ಎರಡೂ ಕೈ ಚಾಚಿದರು. ಮಂಚಮ್ಮ ಕೊರಡಿನಿಂದ ಇಳಿದು ಸೌಟು ತೆಗೆದುಕೊಂಡಳು.

ನಾನು ಅಲ್ಲೇ ಜಗುಲಿಯ ಮೇಲೆ ಕೂತು ಫೋನು ಹಚ್ಚಿದೆ. ಉಳಿದ ಐದು ಸುದ್ದಿಗಾರರು, ಎರಡು ಪೊಲೀಸ್ ಚೌಕಿ, ಬಸ್ ನಿಲ್ದಾಣ, ಹೂವಿನ ಮಾರುಕಟ್ಟೆ. ಎಲ್ಲೂ ಇಲ್ಲ. ಹದಿಮೂರು ಅಡಿ ಎತ್ತರದ ಕೆಂಪು ಬಾಗಿಲು ಊರಿನಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಒಂಬತ್ತಾಯಿತು. ಹೊಳೆಯ ಮೇಲಿನದು ಬಿಟ್ಟು ಊರಿನ ಮಂಜು ಪೂರ್ತಿ ಹೋಗಿ ಬಿಸಿಲು ಬಂತು. ತೋರಿ ನಿಲ್ಲದ ದಿನ ಎಂಬುದು ಪುಸ್ತಕದಲ್ಲಿ ಒಂದೂ ಇಲ್ಲ.

ಆಗ ಹೊಳೆಯ ಕಡೆಯಿಂದ ತಾರಯ್ಯ ಮೇಲೆ ಹತ್ತಿ ಬಂದರು. ತಾರಯ್ಯ ಗುಡಿಯ ಅರ್ಚಕರು. ಏಳು ಬಡಗಿಗಳಲ್ಲಿ ಹಿರಿಯನ ವಂಶದವರು. ರಾತ್ರಿ ಗುಡಿಯಲ್ಲೇ ಮಲಗುತ್ತಾರೆ, ದಿನವೂ ಒಂಬತ್ತಕ್ಕೆ ನಶ್ಯ ಕೊಳ್ಳಲು ಹೊರಗೆ ಬರುತ್ತಾರೆ. ಎಲ್ಲಿ ಹೊರಬೀಳುತ್ತೇನೆಂದು ಅವರಿಗೂ ಗೊತ್ತಿರುವುದಿಲ್ಲ. ಅಂದು ಅವರ ಪಂಚೆ ಮೊಳಕಾಲಿನವರೆಗೆ ಒದ್ದೆಯಾಗಿತ್ತು, ಅದರ ಮೇಲೆಲ್ಲ ಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು.

"ಊರಿಗೆ ಏನಾಗಿದೆ?" ಎಂದರು ಸಿಟ್ಟಿನಿಂದ. "ಅಂಗಳ ಗುಡಿಸಿ ಕೂತಿದೀನಿ. ಒಬ್ಬರೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಹುಲ್ಲು, ದನ. ಅಲ್ಲಿಂದ ಹೊಳೆ ದಾಟಿ ಬರೋ ಹೊತ್ತಿಗೆ ಜೀವ ಹೋಯ್ತು."

"ಸೇತುವೆ ಇದೆಯಲ್ಲ," ಎಂದೆ. ನನ್ನ ಬಾಯಿಗೆ ಬಂದ ಮೊದಲ ಮಾತು ಅದು.

"ಉದ್ಘಾಟನೆ ಆಗದೆ ಓಡಾಡಬಾರದು ಅಂತ ಬೋರ್ಡ್ ಹಾಕಿದ್ದಾರೆ. ಹಗ್ಗ ಕಟ್ಟಿದ್ದಾರೆ. ನಾನು ಅಂಥದ್ದೆಲ್ಲ ಮೀರುವವನಲ್ಲ."

ಅಷ್ಟರಲ್ಲಿ ಮಾತು ನನಗೆ ಅರ್ಥವಾಯಿತು. "ತಾರಯ್ಯನವರೇ, ತೋರಿ ಆಚೆ ದಡದಲ್ಲಿದೆಯಾ?"

"ಮತ್ತೆ ಇನ್ನೇನು ಹೇಳ್ತಿದ್ದೀನಿ. ಹುಲ್ಲಿನ ಮಧ್ಯೆ ನಿಂತಿದೆ."

"ಯಾರ ಜಾಗದಲ್ಲಿ?"

"ಜಾಗಕ್ಕೆ ಹೆಸರು ಬರೆದಿರ್ತಾರಾ? ಪಕ್ಕದಲ್ಲಿ ಒಂದು ಗಡಿಕಲ್ಲು ನೆಟ್ಟಿದ್ದಾರೆ. ಹದಿನೇಳು ಅಂತ ಇದೆ. ನನ್ನ ಕಾಲು ಎಡವಿದ್ದೇ ಅದಕ್ಕೆ."

ಮಂಚಮ್ಮ ಯಾರದೋ ಬಲಗೈಗೆ ನೀರು ಹಾಕುತ್ತಿದ್ದಳು. ಸೌಟು ಬಾಗಿದ್ದ ಹಾಗೆಯೇ ನಿಂತಿತು. ಚಿಕ್ಕೀರಯ್ಯ ಹೆಗಲ ಮೇಲಿನ ಟವೆಲುಗಳನ್ನೆಲ್ಲ ಮೇಷ್ಟ್ರ ಮೇಲೆ ಹೇರಿ ಮನೆಯೊಳಕ್ಕೆ ಓಡಿದ. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ನಾಲ್ಕು ಮಡಿಕೆಯ ಕಾಗದ ಹಿಡಿದು ಹೊರಗೆ ಬಂದು, "ಓದಿ ಪೇಪರಮ್ಮ, ನೀವೇ ಓದಿ, ನಂಗೆ ಕಣ್ಣು ಕಾಣ್ತಿಲ್ಲ," ಎಂದ. ಪುರಸಭೆಯ ಹಂಚಿಕೆ ಪತ್ರ. ನಾನು ಎರಡು ಸಲ ಓದಿಕೊಂಡು ಆಮೇಲೆ ಗಟ್ಟಿಯಾಗಿ ಓದಿದೆ. ನಿವೇಶನದ ಸಂಖ್ಯೆ ಹದಿನೇಳು. ಹಂಚಿಕೆಯಾದವರ ಹೆಸರು ಮಂಚಮ್ಮ, ಗಂಡ ಚಿಕ್ಕೀರಯ್ಯ.

ಆಮೇಲಿನದನ್ನು ಕ್ರಮವಾಗಿ ಹೇಳುವುದು ಕಷ್ಟ, ಪ್ರಯತ್ನಿಸುತ್ತೇನೆ. ಹಂಡೆಯನ್ನು ಬಿದಿರಿಗೆ ನೇತುಹಾಕಿ ಕೊಟ್ರಪ್ಪ ಮತ್ತು ಇನ್ನೊಬ್ಬ ಹೊತ್ತರು. ತಟ್ಟಿಯನ್ನು ಚಪ್ಪಲಿ ಸಮೇತ ನಾಲ್ವರು ಎತ್ತಿಕೊಂಡರು, ಅದರಲ್ಲಿ ಯಾರ ಚಪ್ಪಲಿ ಯಾರದೆಂಬುದು ಸಂಜೆಯವರೆಗೂ ತೀರ್ಮಾನವಾಗಲಿಲ್ಲ. ಸೇತುವೆಯ ಬಳಿ ತಾರಯ್ಯ ಕೈ ಅಡ್ಡ ಇಟ್ಟು ಬೋರ್ಡ್ ತೋರಿಸಿದರು. ಅಧ್ಯಕ್ಷೆ ಶಾಂತವೀರಮ್ಮ ಬೋರ್ಡನ್ನು ಓದಿ, ತಾವೇ ಹಗ್ಗ ಬಿಚ್ಚಿ, "ಆಯ್ತು, ನಡೀರಿ," ಎಂದರು. ಅದೇ ಉದ್ಘಾಟನೆ ಎಂದು ನಾನು ಪ್ರತ್ಯೇಕ ಸುದ್ದಿ ಹಾಕಿದೆ. ಭಾಷಣ ಇರಲಿಲ್ಲವಾದ್ದರಿಂದ ಎಂಟು ಸಾಲಿನಲ್ಲಿ ಮುಗಿಯಿತು. ಆಚೆ ದಡದಲ್ಲಿ, ಹಾಲಿನ ಹಟ್ಟಿಯ ದಾರಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ, ಎದೆಯೆತ್ತರದ ಹುಲ್ಲಿನ ನಡುವೆ ತೋರಿ ನಿಂತಿತ್ತು. ಅದರ ನೆರಳಿನಲ್ಲಿ ಒಂದು ಎಮ್ಮೆ ಮಲಗಿತ್ತು. ಎಮ್ಮೆ ಸಿದ್ದಲಿಂಗುವಿನದು. "ಇದರ ಪಕ್ಕದಲ್ಲೇ ಸೈಕಲ್ ತಳ್ಕಂಡು ಬಂದಿದೀನಿ ನಾನು," ಎಂದು ಅವನು ಹಣೆ ಚಚ್ಚಿಕೊಂಡ.

ಮಂಚಮ್ಮ ಕುಡುಗೋಲು ಕೇಳಿ ಪಡೆದು ತೋರಿಯ ಮುಂದಿನ ಹುಲ್ಲನ್ನು ತಾನೇ ಸವರಿದಳು. ಹಂಡೆ ಎಲ್ಲಿಡಬೇಕೆಂದು ಮೂರು ಸಲ ಜಾಗ ಬದಲಾಯಿಸಿದಳು. ಹೊಳೆಯಿಂದ ಹೊಸ ನೀರು ತಂದು ತುಂಬಿಸಿದಳು. ಆಮೇಲೆ ನೆಟ್ಟಗೆ ನಿಂತು, ಸೌಟು ಎತ್ತಿ, "ಯಾರು ಮೊದಲು?" ಎಂದಳು. ಜನರೆಲ್ಲ ಕ್ಯಾಮೆರಾದ ಹೆಂಗಸನ್ನು ಮುಂದೆ ತಳ್ಳಿದರು.

ನನ್ನ ಸರದಿ ಬಂದಾಗ ಹನ್ನೊಂದೂಕಾಲು. ಎಡಗೈಗೆ ನೀರು, ಬಲಗೈಗೆ ನೀರು. ತಲೆಬಾಗಿ ದಾಟಿದೆ. ಜಲ್ಲಿಕಲ್ಲು ಸದ್ದು ಮಾಡಿತು. ದೇವದಾರುಗಳ ನೆರಳು ತಣ್ಣಗಿತ್ತು. ಗುಡಿಯ ಸೂರಿನ ಅಂಚಿನಲ್ಲಿ ಭತ್ತದ ಹುಲ್ಲಿನ ದಪ್ಪ ಹಗ್ಗ, ಅದರಿಂದ ಇಳಿಬಿದ್ದ ಬಿಳಿ ಕಾಗದದ ಮಡಿಕೆಗಳು ಗಾಳಿಗೆ ಅಲುಗುತ್ತಿದ್ದವು. ಹರಕೆಯ ಪುಟ್ಟ ಮರದ ಹಲಗೆಗಳು ಸಾಲಾಗಿ ತೂಗುತ್ತ ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ, ಬಟ್ಟೆ ಮುಚ್ಚಿದ ಒಂದು ಕನ್ನಡಿಯಿದೆ. ಮುನ್ನೂರ ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ತೆಗೆದು ನೋಡಿಲ್ಲ. ಕ್ಯಾಮೆರಾದ ಹೆಂಗಸು ಕ್ಯಾಮೆರಾ ಬದಿಗಿಟ್ಟು ಮೆಟ್ಟಿಲಿನ ಮೇಲೆ ಕೂತಿದ್ದಳು. ನಾನು ಎರಡು ಸಲ ಬಾಗಿದೆ, ಎರಡು ಸಲ ಚಪ್ಪಾಳೆ ತಟ್ಟಿದೆ. ಏನು ಕೇಳಿಕೊಂಡೆ ಎಂಬುದು ಸುದ್ದಿಯಲ್ಲ.

ಮಧ್ಯಾಹ್ನ ಹುಲ್ಲಿನ ಮೇಲೆ ಕೂತು ತಿದ್ದುಪಡಿ ಬರೆದೆ. ಬಿಡುವಾದಾಗ ಮಂಚಮ್ಮನಿಗೆ ಓದಿ ಹೇಳಿದೆ. 'ನಿನ್ನೆಯ ಸಂಚಿಕೆಯಲ್ಲಿ ತೋರಿ ಮೇದರ ಸಾಲಿನಲ್ಲಿದೆ ಎಂದು ಪ್ರಕಟವಾಗಿತ್ತು. ಅದು ತಪ್ಪು. ತೋರಿ ಆಚೆ ದಡದ ಹದಿನೇಳನೇ ನಿವೇಶನದಲ್ಲಿ, ಮಂಚಮ್ಮನ ಮನೆ ಮುಂದೆ ನಿಂತಿತ್ತು.'

"ಮನೆ ಎಲ್ಲೈತೆ?" ಎಂದಳು ಅವಳು. "ಇನ್ನೂ ಕಟ್ಟಿಲ್ಲ. ಇದ್ದಂಗೆ ಬರೀರಿ." ಅವಳು ಹೇಳಿದ್ದು ಸರಿ. 'ಮಂಚಮ್ಮ ಇನ್ನು ಕಟ್ಟಲಿರುವ ಮನೆಯ ಮುಂದೆ' ಎಂದು ಬದಲಾಯಿಸಿದೆ. 'ಕೊನೆಗೂ' ಎಂಬುದನ್ನು ತಿದ್ದುಪಡಿಯಲ್ಲಿ ಸೇರಿಸಲಿಲ್ಲ. ಅದು ತಪ್ಪಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಮನೆಯ ಯಜಮಾನಿ ಎಲ್ಲರಿಗಿಂತ ಕೊನೆಗೆ, ಒಬ್ಬಳೇ ಒಳಗೆ ಹೋಗಿ ಗುಡಿಯ ನಗಾರಿ ಬಾರಿಸಬೇಕು. ಅದರೊಂದಿಗೆ ದಿನ ಮುಗಿಯುತ್ತದೆ. ಎಷ್ಟು ಪೆಟ್ಟು ಎಂಬುದಕ್ಕೆ ನಿಯಮವಿಲ್ಲ. ಹೆಚ್ಚಿನವರು ಮೂರು ಹೊಡೆಯುತ್ತಾರೆ, ಸಂಕೋಚದವರು ಒಂದು. ತೋರಿ ಎಲ್ಲೇ ನಿಂತಿರಲಿ ನಗಾರಿ ಇಡೀ ಊರಿಗೆ ಕೇಳಿಸುತ್ತದೆ. ಮಂಚಮ್ಮ ತನ್ನ ಕೈಗೆ ತಾನೇ ನೀರು ಹಾಕಿಕೊಂಡಳು. ಚಿಕ್ಕೀರಯ್ಯ ಟವೆಲು ಕೊಟ್ಟ. "ಬೇಗ ಬಾ, ಸಾರು ಆರೋಗ್ತದೆ," ಎಂದ. ಅವಳು ತಲೆಬಾಗಿ ದಾಟಿದಳು.

ನಾನು ಗಡಿಕಲ್ಲಿನ ಮೇಲೆ ಕೂತು ಗಡಿಯಾರ ನೋಡಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆರು ಇಪ್ಪತ್ತೆರಡು, ಮೊದಲ ಪೆಟ್ಟು. ಎರಡು. ಮೂರು. ಸೇತುವೆಯ ಮೇಲೆ ಮನೆ ಕಡೆ ಹೊರಟಿದ್ದವರು ನಡೆಯುತ್ತಲೇ ಇದ್ದರು. ನಾಲ್ಕನೆಯದಕ್ಕೆ ಕೆಲವರು ತಿರುಗಿ ನೋಡಿದರು. ಏಳು, ಎಂಟು. ಹತ್ತು ದಾಟಿದಾಗ ಎಲ್ಲರೂ ನಿಂತರು. ಈಚೆ ದಡದ ಮನೆಗಳಿಂದ ಜನ ಹೊರಗೆ ಬಂದರು. ಸಿದ್ದಲಿಂಗುವಿನ ಎಮ್ಮೆ ಎದ್ದು ನಿಂತಿತು. ಇಪ್ಪತ್ತು ಆದಮೇಲೆ ಪೆಟ್ಟುಗಳು ಒಂದು ಲಯಕ್ಕೆ ಬಂದವು, ಬಿದಿರು ಸೀಳುವ ಲಯ. ಸೇತುವೆಯ ಮೇಲಿನವರು ಅದಕ್ಕೆ ಸರಿಯಾಗಿ ಕಟಕಟೆಗೆ ಕೈ ಬಡಿಯತೊಡಗಿದರು.

"ವರ್ಷಕ್ಕೊಂದು ಅಂತ ಮೂವತ್ತೊಂದಕ್ಕೆ ನಿಲ್ಲಿಸ್ತಾಳೆ," ಎಂದೆ ನಾನು ಚಿಕ್ಕೀರಯ್ಯನಿಗೆ.

"ಅವಳಾ?" ಎಂದ ಅವನು. ಹಂಡೆ ಬೋರಲು ಹಾಕಿ ಅದರ ಮೇಲೆ ಆರಾಮಾಗಿ ಕೂತ. "ನೀವು ಬರೆಯೋದು ಬಿಟ್ಟು ಕಾಲು ಚಾಚ್ಕೊಳಿ ಪೇಪರಮ್ಮ."

ಮೂವತ್ತೊಂದು ಆಯಿತು. ಮೂವತ್ತೆರಡು. ನಾನು ಪುಸ್ತಕ ಮಡಿಸಿದೆ.